ಪ್ರೌಢಶಾಲೆಗೆ ಊರಿನ ಉದ್ಯಮಗಳ ನಂಟು: ವೃತ್ತಿ ಶಿಕ್ಷಣಕ್ಕೆ ಸಹಭಾಗಿಗಳನ್ನು ಹುಡುಕುವುದು, ಉಳಿಸಿಕೊಳ್ಳುವುದು

ಶಾಲೆಯವರು ಊರಿನ ವ್ಯಾಪಾರಿಗಳ ಬಳಿ ಹೋಗುವುದು ಹೆಚ್ಚಾಗಿ ಎರಡೇ ಕೆಲಸಕ್ಕೆ: ವಾರ್ಷಿಕೋತ್ಸವದ ಚಂದಾ, ಇಲ್ಲವೇ ಗೋಡೆಗೆ ಬಣ್ಣ. ಹಾಗಾಗಿ ಮುಖ್ಯ ಶಿಕ್ಷಕರು ಅಂಗಡಿ ಮೆಟ್ಟಿಲು ಹತ್ತಿದ ಕೂಡಲೇ ಮಾಲೀಕರ ಕೈ ಗಲ್ಲಾಪೆಟ್ಟಿಗೆಯತ್ತ ಹೋಗುತ್ತದೆ. ರಸೀದಿ ಹರಿದುಕೊಟ್ಟರೆ ಮುಂದಿನ ವರ್ಷದವರೆಗೆ ಸಂಬಂಧ ಮುಗಿಯಿತು. ವೃತ್ತಿ ಶಿಕ್ಷಣಕ್ಕೆ ಬೇಕಾದದ್ದು ಆ ದುಡ್ಡಲ್ಲ. ಮಾಲೀಕರ ಒಂದೂವರೆ ಗಂಟೆ, ಅವರ ಜಾಗ, ಅವರಿಗೆ ಗೊತ್ತಿರುವ ಕಸುಬು ಇಷ್ಟೇ. ಮೊದಲ ಭೇಟಿಯಲ್ಲೇ ‘ಹಣ ಕೇಳಲು ಬಂದಿಲ್ಲ’ ಎಂದು ಹೇಳಿ, ವರ್ಷವಿಡೀ ಆ ಮಾತಿಗೆ ನಿಂತರೆ ಅರ್ಧ ಕೆಲಸ ಆದಂತೆ.

ಈ ಲೇಖನ ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರೌಢಶಾಲೆಯ ಅಳತೆಗೆ ಬರೆದದ್ದು: 9ನೇ ತರಗತಿಯಲ್ಲಿ ಸುಮಾರು 80 ಮಕ್ಕಳು, ಹತ್ತಿರದಲ್ಲಿ ದೊಡ್ಡ ಕಾರ್ಖಾನೆ ಇಲ್ಲ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ಪಕ್ಕದ ಶಾಲೆಗೆ ಆಯ್ಕೆಗಳು ಹೆಚ್ಚು. ಆದರೆ ಕ್ರಮ ಅದೇ.

ಯಾವ ತರಗತಿ, ಯಾವ ತಿಂಗಳು

9ನೇ ತರಗತಿಯನ್ನೇ ಹಿಡಿಯಿರಿ. 10ನೆಯವರಿಗೆ ದಸರಾ ರಜೆ ಮುಗಿದ ಮೇಲೆ ವಿಶೇಷ ತರಗತಿ, ಪೂರ್ವಸಿದ್ಧತಾ ಪರೀಕ್ಷೆ ಎಂದು ಉಸಿರಾಡಲೂ ಬಿಡುವಿರುವುದಿಲ್ಲ. ಪೋಷಕರೂ ಒಪ್ಪುವುದಿಲ್ಲ. 8ನೆಯವರಿಗೆ ಒಂದು ಮಾತುಕತೆ, ಒಂದು ಭೇಟಿ ಸಾಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಸ್ಥಳೀಯ ಕಸುಬುದಾರರ ಬಳಿ ಕಲಿಯುವ ಅವಕಾಶ ಇರಬೇಕು ಎನ್ನುತ್ತದೆ. ಮೇಲಧಿಕಾರಿಗಳಿಗೆ ಪತ್ರ ಬರೆಯುವಾಗ ಆ ಉಲ್ಲೇಖ ಕೆಲಸಕ್ಕೆ ಬರುತ್ತದೆ. ನಿಮ್ಮ ಶಾಲೆಯಲ್ಲಿ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯ ವೃತ್ತಿ ವಿಷಯ ಇದ್ದರೆ ಇನ್ನೂ ಸುಲಭ. ಕ್ಷೇತ್ರ ಭೇಟಿ, ಅತಿಥಿ ಉಪನ್ಯಾಸ ಆ ಯೋಜನೆಯೊಳಗೇ ಇವೆ, ವೃತ್ತಿ ತರಬೇತುದಾರರೂ ಇರುತ್ತಾರೆ.

ತಿಂಗಳುಗಳ ಲೆಕ್ಕ ಹೀಗಿರಲಿ. ಜೂನ್–ಜುಲೈಯಲ್ಲಿ ಊರಿನ ಸಮೀಕ್ಷೆ, ಆಗಸ್ಟ್‌ನಲ್ಲಿ ಮಾಲೀಕರ ಭೇಟಿ, ಸೆಪ್ಟೆಂಬರ್‌ನಲ್ಲಿ ಶಾಲೆಯಲ್ಲಿ ಮಾತುಕತೆ. ನವೆಂಬರ್–ಡಿಸೆಂಬರ್‌ನಲ್ಲಿ ಮಕ್ಕಳನ್ನು ಕರೆದೊಯ್ಯುವುದು, ಜನವರಿಯಲ್ಲಿ ಕೆಲಸ ನೋಡುವ ದಿನಗಳು (ಆಸಕ್ತ ಮಕ್ಕಳು ಒಂದೇ ಜಾಗದಲ್ಲಿ ಮೂರು ದಿನ ಇದ್ದು ಕೆಲಸ ಗಮನಿಸುವುದು), ಫೆಬ್ರವರಿ ಮೊದಲ ವಾರದೊಳಗೆ ಮುಕ್ತಾಯ. ಮಾರ್ಚ್‌ನಲ್ಲಿ ನಿಮಗೆ ಪರೀಕ್ಷೆ, ಅವರಿಗೆ ಆರ್ಥಿಕ ವರ್ಷದ ಕೊನೆ. ಆ ತಿಂಗಳು ಯಾರ ಬಾಗಿಲನ್ನೂ ತಟ್ಟಬೇಡಿ.

ಮಕ್ಕಳ ಕೈಯಲ್ಲೇ ಪಟ್ಟಿ ಮಾಡಿಸಿ

ಉದ್ಯಮ ಎಂದೊಡನೆ ಶಿಕ್ಷಕರ ಕಣ್ಣು ಬೋರ್ಡು ಇರುವ ಕಂಪನಿಯನ್ನು ಹುಡುಕುತ್ತದೆ. ಬೋರ್ಡಿಲ್ಲದೆ ನಡೆಯುವ ಕೆಲಸಗಳು ಮಕ್ಕಳಿಗೆ ಗೊತ್ತು. 80 ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ತಮ್ಮ ಬೀದಿಯಲ್ಲಿ ನಡೆಯುವ ಎರಡು ಕೆಲಸಗಳ ವಿವರ ಒಂದು ವಾರದಲ್ಲಿ ತರಲು ಹೇಳಿ. ಹಾಳೆಯಲ್ಲಿ ಐದೇ ಪ್ರಶ್ನೆ ಸಾಕು: ಏನು ಕೆಲಸ, ಎಷ್ಟು ಜನ ದುಡಿಯುತ್ತಾರೆ, ಹೊಸಬರನ್ನು ಸೇರಿಸಿಕೊಳ್ಳುವಾಗ ಏನು ನೋಡುತ್ತಾರೆ, ದಿನದಲ್ಲಿ ಯಾವ ಹೊತ್ತು ಬಿಡುವು, ನಮ್ಮ ಶಾಲೆಯಲ್ಲಿ ಅವರ ಮಕ್ಕಳಿದ್ದಾರೆಯೇ. ಹೀಗೆ ಬರುವ ಹೆಸರುಗಳಲ್ಲಿ ಪುನರಾವರ್ತನೆ ತೆಗೆದರೂ ನಿಮಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಉಳಿಯುತ್ತವೆ.

ಕೊನೆಯ ಪ್ರಶ್ನೆಗೆ ಹೌದು ಎಂದು ಬಂದ ಹಾಳೆಗಳನ್ನು ಮೇಲಿಡಿ. ಪೋಷಕರೇ ನಿಮ್ಮ ಮೊದಲ ಸಹಭಾಗಿಗಳು. ಆರಿಸುವಾಗ ಒಂದೇ ಬಗೆಯ ಕೆಲಸ ತುಂಬದಂತೆ ನೋಡಿಕೊಳ್ಳಿ. ತಯಾರಿಕೆ ಎರಡು (ಲೇತ್ ವರ್ಕ್‌ಶಾಪ್, ಬೇಕರಿ), ದುರಸ್ತಿ ಎರಡು (ದ್ವಿಚಕ್ರ ವಾಹನ ಗ್ಯಾರೇಜು, ಮೋಟಾರ್ ರಿವೈಂಡಿಂಗ್), ಸೇವೆ ಎರಡು (ರಕ್ತ ಪರೀಕ್ಷೆಯ ಲ್ಯಾಬ್, ತೆರಿಗೆ ಸಲಹೆಗಾರರ ಕಚೇರಿ), ಊರಿಗೇ ವಿಶಿಷ್ಟವಾದದ್ದು ಒಂದಾದರೂ ಇರಲಿ. ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ, ಇಳಕಲ್ಲಿನಲ್ಲಿ ಮಗ್ಗ, ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ, ಶಿರಸಿಯಲ್ಲಿ ಅಡಿಕೆ ವಹಿವಾಟು. ಮಕ್ಕಳು ದಿನವೂ ನೋಡುವ ಕೆಲಸ ಎಂದು ಇವನ್ನು ಬಿಡಬೇಡಿ. ಮಗ್ಗದ ಸದ್ದು ಕೇಳಿ ಬೆಳೆದ ಮಗುವಿಗೂ ನೂಲಿನ ಖರೀದಿ, ವಿನ್ಯಾಸ, ಸೀರೆಯ ದರ ಕಟ್ಟುವ ಲೆಕ್ಕ ಗೊತ್ತಿರುವುದಿಲ್ಲ.

ಮೊದಲ ವರ್ಷಕ್ಕೆ ಏಳೆಂಟು ಸಹಭಾಗಿಗಳು ಸಾಕು. ಇಪ್ಪತ್ತು ಜನರಿಗೆ ಮಾತು ಕೊಟ್ಟು ಐವರ ಬಳಿ ಮಾತ್ರ ಹೋದರೆ ಉಳಿದ ಹದಿನೈದು ಜನ ಮುಂದಿನ ವರ್ಷ ನಂಬುವುದಿಲ್ಲ. ಶಾಲೆಯಿಂದ ಐದು ಕಿಲೋಮೀಟರ್ ಒಳಗಿನವರನ್ನೇ ಆರಿಸಿ. ದೂರವಾದಷ್ಟೂ ವಾಹನ, ಅನುಮತಿ, ಊಟದ ವ್ಯವಸ್ಥೆ ಎಂದು ಕೆಲಸ ಬೆಳೆಯುತ್ತದೆ.

ದೊಡ್ಡ ಕಂಪನಿಯ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದ ಹಿಂದೆ ಹೋಗಬೇಕೇ? 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನಾದರೂ ಮುಟ್ಟಿದ ಕಂಪನಿಗೆ ಮಾತ್ರ ಆ ಹೊಣೆ ಬರುತ್ತದೆ. ನಿಮ್ಮ ಊರಿನ ಬೇಕರಿಗೂ ಗ್ಯಾರೇಜಿಗೂ ಅದು ಸಂಬಂಧವೇ ಇಲ್ಲ. ಕಂಪನಿ ಹತ್ತಿರವಿದ್ದರೆ ಪ್ರಯತ್ನಿಸಿ, ಆದರೆ ವರ್ಷದ ಯೋಜನೆಯನ್ನು ಅದರ ಮೇಲೆ ಕಟ್ಟಬೇಡಿ. ಅಲ್ಲಿ ನಿರ್ಧಾರ ತೆಗೆದುಕೊಳ್ಳುವವರು ನಿಮ್ಮ ಊರಿನಲ್ಲಿ ಇರುವುದಿಲ್ಲ.

ಮೊದಲ ಭೇಟಿ

ಹೋಗುವ ಹೊತ್ತೇ ಅರ್ಧ ಉತ್ತರ. ಬೇಕರಿಗೆ ಬೆಳಿಗ್ಗೆ ಮತ್ತು ಸಂಜೆ ಹೋಗಬೇಡಿ, ಮಧ್ಯಾಹ್ನ ಎರಡರ ಮೇಲೆ ಹೋಗಿ. ಗ್ಯಾರೇಜಿನಲ್ಲಿ ಬೆಳಿಗ್ಗೆ ಗಾಡಿ ಬಿಟ್ಟುಹೋಗುವವರ, ಸಂಜೆ ಒಯ್ಯುವವರ ಗದ್ದಲ. ಎಪಿಎಂಸಿಯಲ್ಲಿ ಟೆಂಡರ್ ನಡೆಯುವಾಗ ದಲಾಲರು ತಲೆಯೆತ್ತುವುದಿಲ್ಲ. ಪ್ರಿಂಟಿಂಗ್ ಪ್ರೆಸ್‌ನವರಿಗೆ ಮದುವೆ ಹಂಗಾಮು ಮತ್ತು ಚುನಾವಣೆ, ದರ್ಜಿಗಳಿಗೆ ಜೂನ್‌ನ ಸಮವಸ್ತ್ರ ಮತ್ತು ಹಬ್ಬದ ಹಿಂದಿನ ವಾರಗಳು ಬಿಡುವಿಲ್ಲದ ಕಾಲ. ಸಮೀಕ್ಷೆಯ ನಾಲ್ಕನೇ ಪ್ರಶ್ನೆ ಇದ್ದದ್ದೇ ಇದಕ್ಕೆ.

ಇಬ್ಬರು ಹೋಗಿ: ಹೊಣೆ ಹೊತ್ತ ಶಿಕ್ಷಕರು, ಜೊತೆಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರು. ಸದಸ್ಯರು ಸ್ಥಳೀಯರಾದ್ದರಿಂದ ಮಾತು ಬೇಗ ಕೂಡುತ್ತದೆ. ಬೇಡಿಕೆ ಚಿಕ್ಕದಾಗಿರಲಿ, ದಿನಾಂಕ ಇರಲಿ. ‘ನಮ್ಮ ಮಕ್ಕಳಿಗೆ ಏನಾದರೂ ಮಾರ್ಗದರ್ಶನ ಮಾಡಿ’ ಎಂದರೆ ‘ಆಯ್ತು ಸಾರ್, ನೋಡೋಣ’ ಎಂಬ ಉತ್ತರ ಖಾತ್ರಿ. ‘ನವೆಂಬರ್ ಎರಡನೇ ವಾರದ ಬುಧವಾರ ಮಧ್ಯಾಹ್ನ 2.30ಕ್ಕೆ 12 ಮಕ್ಕಳು, ಇಬ್ಬರು ಶಿಕ್ಷಕರು ಬರುತ್ತೇವೆ, 3.30ಕ್ಕೆ ಹೊರಡುತ್ತೇವೆ’ ಎಂದರೆ ಅವರು ಕ್ಯಾಲೆಂಡರ್ ನೋಡುತ್ತಾರೆ.

ಬಿಟ್ಟುಬರುವ ಪತ್ರ ಒಂದೇ ಪುಟದ್ದಿರಲಿ. ಒಕ್ಕಣೆ ಹೀಗಿರಬಹುದು:

‘ಮಾನ್ಯರೇ, ನಮ್ಮ ಶಾಲೆಯ 9ನೇ ತರಗತಿಯ ಮಕ್ಕಳಿಗೆ ಊರಿನ ಉದ್ಯೋಗಗಳ ಪರಿಚಯ ಮಾಡಿಸುತ್ತಿದ್ದೇವೆ. ತಮ್ಮಿಂದ ಧನಸಹಾಯ ಕೋರುತ್ತಿಲ್ಲ. ಈ ಶೈಕ್ಷಣಿಕ ವರ್ಷದಲ್ಲಿ ತಾವು (1) ಒಂದು ದಿನ 40 ನಿಮಿಷ ಶಾಲೆಗೆ ಬಂದು ತಮ್ಮ ಕೆಲಸದ ಬಗ್ಗೆ ಮಾತನಾಡಬೇಕು, (2) ಒಂದು ದಿನ 12 ಮಕ್ಕಳಿಗೆ ಒಂದು ಗಂಟೆ ತಮ್ಮ ಕೆಲಸದ ಜಾಗ ತೋರಿಸಬೇಕು ಎಂದು ವಿನಂತಿ. ಮಕ್ಕಳು ಯಂತ್ರ ಮುಟ್ಟುವುದಿಲ್ಲ, ಕೆಲಸ ಮಾಡುವುದಿಲ್ಲ. ಶಿಸ್ತು ಮತ್ತು ಸುರಕ್ಷತೆಯ ಮೇಲ್ವಿಚಾರಣೆಗೆ ನಮ್ಮ ಶಿಕ್ಷಕರಿಬ್ಬರು ಜೊತೆಗಿರುತ್ತಾರೆ. ದಿನಾಂಕ ಬದಲಾಗಬೇಕಾದರೆ ಎರಡು ದಿನ ಮುಂಚೆ ತಿಳಿಸಿದರೆ ಸಾಕು.’

ಇದರ ಕೆಳಗೆ ಶಾಲೆಯ ಮೊಹರು, ಮುಖ್ಯ ಶಿಕ್ಷಕರ ಸಹಿ, ಹೊಣೆ ಹೊತ್ತ ಶಿಕ್ಷಕರ ಫೋನ್ ಸಂಖ್ಯೆ. ನಕಲು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ. ಮೂರು ದಿನ ಬಿಟ್ಟು ಫೋನ್ ಮಾಡಿ. ಪತ್ರ ಕೊಟ್ಟು ಸುಮ್ಮನಾದರೆ ಅದು ಬಿಲ್ಲುಗಳ ಮೊಳೆಗೆ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ.

ಕಾನೂನಿನ ಗೆರೆ

1986ರ ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ, 14 ತುಂಬದ ಮಕ್ಕಳನ್ನು ದುಡಿಸುವುದು ಎಲ್ಲ ಉದ್ಯೋಗಗಳಲ್ಲೂ ನಿಷಿದ್ಧ. ಕುಟುಂಬದ ಕೆಲಸದಲ್ಲಿ ಶಾಲೆಯ ನಂತರದ ನೆರವಿನಂಥ ವಿನಾಯಿತಿ ಬೇರೆ ಮಾತು. 14ರಿಂದ 18ರವರನ್ನು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸುವಂತಿಲ್ಲ. ತಪ್ಪಿದ ಮಾಲೀಕರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 9ನೇ ತರಗತಿಯಲ್ಲಿ 13 ದಾಟಿ 14 ತುಂಬದವರೂ ಇರುತ್ತಾರೆ. ಆದ್ದರಿಂದ ಶಾಲೆಯ ನಿಯಮ ಒಂದೇ ಇರಲಿ: ನೋಡುವುದು, ಕೇಳುವುದು, ಬರೆದುಕೊಳ್ಳುವುದು, ದುಡಿಯುವುದಿಲ್ಲ. ಇದನ್ನು ಮಾಲೀಕರಿಗೂ ಹೇಳಿ. ಬಾಲಕಾರ್ಮಿಕ ತನಿಖೆಯ ಹೆದರಿಕೆಯಿಂದಲೇ ಎಷ್ಟೋ ಜನ ‘ಮಕ್ಕಳು ಬೇಡ’ ಎನ್ನುತ್ತಾರೆ. ಸಮವಸ್ತ್ರದ ಮಕ್ಕಳು, ಜೊತೆಗೆ ಶಿಕ್ಷಕರು, ಶಾಲೆಯ ಪತ್ರ, ಪೋಷಕರ ಒಪ್ಪಿಗೆ ಇವಿಷ್ಟೂ ಇರುತ್ತವೆ ಎಂದರೆ ಅವರಿಗೂ ಧೈರ್ಯ.

ಪೋಷಕರ ಒಪ್ಪಿಗೆ ಪತ್ರದಲ್ಲಿ ಸ್ಥಳ, ದಿನ, ಹೋಗುವ ಬರುವ ಸಮಯ, ಜೊತೆಗಿರುವ ಶಿಕ್ಷಕರ ಹೆಸರು, ಮಗುವಿಗೆ ಆಸ್ತಮಾ, ಮೂರ್ಛೆ, ಧೂಳಿನ ಅಲರ್ಜಿ ಇದೆಯೇ ಎಂಬ ಸಾಲು ಇರಲಿ. ಹಿಟ್ಟಿನ ಗಿರಣಿ, ಮರದ ಮಿಲ್ಲಿಗೆ ಹೋಗುವಾಗ ಆ ಸಾಲು ಬೇಕೇ ಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಎಚ್ಚರವೂ ಇರಲಿ. ಯಾವ ಮಗುವನ್ನೂ ಒಬ್ಬರೇ ದೊಡ್ಡವರ ಜೊತೆ ಒಳಕೋಣೆಗೆ ಕಳಿಸಬೇಡಿ, ಮಕ್ಕಳ ಫೋನ್ ಸಂಖ್ಯೆ ಯಾರಿಗೂ ಕೊಡಬೇಡಿ, ಮುಖ ಕಾಣುವ ಫೋಟೊ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹೋಗದಂತೆ ಮೊದಲೇ ತಿಳಿಸಿ.

ಶಾಲೆಯಲ್ಲಿ ಮಾತುಕತೆ

ಕರೆದವರನ್ನು ವೇದಿಕೆ ಹತ್ತಿಸಿ ಶಾಲು ಹೊದಿಸಿದರೆ ಅವರು ಭಾಷಣ ಮಾಡಿಯೇ ಮಾಡುತ್ತಾರೆ: ಕಷ್ಟಪಟ್ಟರೆ ಫಲ, ಗುರುಹಿರಿಯರಿಗೆ ಗೌರವ. ಅದರಿಂದ ಮೆಕ್ಯಾನಿಕ್‌ನ ಕೆಲಸ ಏನೆಂದು ತಿಳಿಯುವುದಿಲ್ಲ. ತರಗತಿ ಕೋಣೆಯಲ್ಲೇ, 40 ಮಕ್ಕಳ ಒಂದು ವಿಭಾಗಕ್ಕೆ ಮಾತ್ರ ಮಾಡಿಸಿ. ಒಂದು ವಾರ ಮುಂಚೆ ಪ್ರಶ್ನೆಗಳನ್ನು ಕೊಟ್ಟಿರಿ: ಬೆಳಿಗ್ಗೆ ಬಂದ ಕೂಡಲೇ ಏನು ಮಾಡುತ್ತೀರಿ? ಈ ಕೆಲಸ ಎಲ್ಲಿ ಕಲಿತಿರಿ, ಎಷ್ಟು ಕಾಲ ಹಿಡಿಯಿತು? ಹೊಸ ಹುಡುಗ ಅಥವಾ ಹುಡುಗಿಗೆ ಮೊದಲ ತಿಂಗಳು ಎಷ್ಟು ಕೊಡುತ್ತೀರಿ, ಮೂರು ವರ್ಷ ಆದ ಮೇಲೆ ಎಷ್ಟು? ಯಾವ ಕಾರಣಕ್ಕೆ ಕೆಲಸದಿಂದ ಬಿಡಿಸುತ್ತೀರಿ? ಶಾಲೆಯಲ್ಲಿ ಕಲಿತ ಯಾವ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ?

ಕೈಯಲ್ಲಿ ಹಿಡಿಯುವ ಒಂದು ವಸ್ತು ತರಲು ಹೇಳಿ. ಸವೆದ ಬ್ರೇಕ್ ಶೂ ಮತ್ತು ಹೊಸದು, ಸುಟ್ಟ ಮೋಟಾರ್‌ನ ವೈಂಡಿಂಗ್, ವರ್ನಿಯರ್ ಕ್ಯಾಲಿಪರ್. ಮಾತು ಬಾರದ ಮೇಸ್ತ್ರಿಗೂ ವಸ್ತು ಕೈಗೆ ಬಂದರೆ ಮಾತು ಬರುತ್ತದೆ.

ಇಲ್ಲಿ ಒಂದು ಅಪಾಯವಿದೆ. ಬಹಳಷ್ಟು ಕಸುಬುದಾರರು ಮಕ್ಕಳ ಮುಂದೆ ನಿಂತು ‘ಚೆನ್ನಾಗಿ ಓದಿ, ಇಲ್ಲದಿದ್ದರೆ ನನ್ನ ಥರ ಆಗ್ತೀರಿ’ ಎಂದುಬಿಡುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು ಅದು, ಆದರೆ ಗ್ಯಾರೇಜಿನವರ ಮಗ ಅದೇ ಬೆಂಚಿನಲ್ಲಿ ಕೂತಿರುತ್ತಾನೆ. ಮೊದಲೇ ಕೂತು ಮಾತಾಡಿ, ಆ ಸಾಲು ಬೇಡ, ಕೆಲಸದ ಕಷ್ಟ ಹೇಳಿ, ಗಳಿಕೆ ಹೇಳಿ, ಸಾಕು ಎಂದು ವಿನಂತಿಸಿ.

ಕೆಲಸದ ಜಾಗಕ್ಕೆ ಭೇಟಿ

ತಂಡಕ್ಕೆ 10ರಿಂದ 12 ಮಕ್ಕಳು. ಅದಕ್ಕಿಂತ ಹೆಚ್ಚಾದರೆ ಸದ್ದಿನ ನಡುವೆ ಹಿಂದಿನವರಿಗೆ ಏನೂ ಕೇಳುವುದಿಲ್ಲ. 80 ಮಕ್ಕಳಿಗೆ ಏಳು ತಂಡ, ಪ್ರತಿ ತಂಡಕ್ಕೂ ಒಂದು ಜಾಗ. ಎಲ್ಲರಿಗೂ ಎಲ್ಲವನ್ನೂ ತೋರಿಸುವ ಹಟ ಬೇಡ. ಒಂದು ತಂಡ ನೋಡಿದ್ದನ್ನು ಇನ್ನೊಂದಕ್ಕೆ ಹೇಳಬೇಕಾದ ಪ್ರಸಂಗ ಬಂದರೆ ಒಳ್ಳೆಯದೇ.

ಹಿಂದಿನ ವಾರ ಶಿಕ್ಷಕರು ಒಬ್ಬರೇ ಹೋಗಿ ಜಾಗ ನೋಡಿ ಬರಬೇಕು. ಮಕ್ಕಳು ನಿಲ್ಲುವುದು ಎಲ್ಲಿ, ಯಾವ ಗೆರೆ ದಾಟಬಾರದು, ಹೊರಬಾಗಿಲು ಎಲ್ಲಿದೆ, ಹುಡುಗಿಯರಿಗೆ ಶೌಚಾಲಯ ಇದೆಯೇ. ನಿಲ್ಲುವ ಜಾಗಕ್ಕೆ ಸುಣ್ಣದ ಗೆರೆ ಹಾಕಿಸಿದರೆ ‘ಹಿಂದೆ ಸರಿ’ ಎಂದು ಕೂಗುತ್ತ ಇರಬೇಕಿಲ್ಲ. ಲೇತ್, ಡ್ರಿಲ್ ಯಂತ್ರವಿರುವ ಕಡೆ ಸಡಿಲ ಬಟ್ಟೆ, ಬಿಟ್ಟ ಕೂದಲು, ಜೋತುಬೀಳುವ ದುಪಟ್ಟಾ ಅಪಾಯ. ದುಪಟ್ಟಾಕ್ಕೆ ಪಿನ್, ಜಡೆ ಮೇಲೆ ಕಟ್ಟಿ, ಕಾಲಿಗೆ ಶೂ. ಚಪ್ಪಲಿ ಹಾಕಿ ಬಂದವರು ಲೋಹದ ಚೂರುಗಳಿರುವ ನೆಲದ ಮೇಲೆ ಕಾಲಿಡಬಾರದು. ಎಲ್ಲ ಮಕ್ಕಳ ಬಳಿ ಶೂ ಇಲ್ಲದಿದ್ದರೆ ಆ ತಂಡಕ್ಕೆ ಬೇಕರಿಯನ್ನೋ ಪ್ರೆಸ್ಸನ್ನೋ ಗೊತ್ತುಮಾಡಿ, ಯಾರ ಮನಸ್ಸೂ ನೋಯದಂತೆ.

ವೆಲ್ಡಿಂಗ್ ಬಗ್ಗೆ ವಿಶೇಷ ಎಚ್ಚರ. ಬರಿಗಣ್ಣಿನಿಂದ ಆ ಬೆಳಕು ನೋಡಿದ ಮಗುವಿಗೆ ಆಗ ಏನೂ ಅನಿಸುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ರಾತ್ರಿ ಮನೆಯಲ್ಲಿ, ಕಣ್ಣಲ್ಲಿ ಮರಳು ಬಿದ್ದಂತೆ ಉರಿ, ನೀರು ಶುರುವಾಗುತ್ತದೆ. ಮಕ್ಕಳಿರುವಷ್ಟು ಹೊತ್ತು ವೆಲ್ಡಿಂಗ್ ನಿಲ್ಲಿಸಲು ಕೇಳಿ. ಮಾಡಿದ ಬೆಸುಗೆಯನ್ನು ನೋಡಿದರೆ ಸಾಕು.

ಒಂದು ಗಂಟೆ ಹೀಗೆ ಹಂಚಿಕೊಳ್ಳಿ: ಮೊದಲ ಹತ್ತು ನಿಮಿಷ ಹೊರಗೆ, ಸದ್ದಿಲ್ಲದ ಕಡೆ, ಮಾಲೀಕರಿಂದ ವಿವರಣೆ. ಮುಂದಿನ ಮೂವತ್ತು ನಿಮಿಷ ಒಳಗೆ. ಕೊನೆಯ ಇಪ್ಪತ್ತು ನಿಮಿಷ ಕೆಲಸಗಾರರೊಡನೆ ಮಾತು. ಈ ಕೊನೆಯ ಭಾಗವನ್ನು ಬಿಡಬೇಡಿ. ಮಾಲೀಕರು ಹೇಳುವುದಕ್ಕಿಂತ ಎರಡು ವರ್ಷದ ಹಿಂದೆ ಐಟಿಐ ಮುಗಿಸಿ ಬಂದ ಹುಡುಗ ಹೇಳುವುದು ಮಕ್ಕಳ ತಲೆಗೆ ಬೇಗ ಹೋಗುತ್ತದೆ.

ಹುಡುಗಿಯರನ್ನು ಬ್ಯೂಟಿ ಪಾರ್ಲರ್‌ಗೆ, ಹುಡುಗರನ್ನು ಗ್ಯಾರೇಜಿಗೆ ಎಂದು ಹಂಚುವುದು ತಾನಾಗಿಯೇ ಆಗಿಹೋಗುತ್ತದೆ. ತಂಡಗಳನ್ನು ಹಾಜರಿ ಪಟ್ಟಿಯ ಕ್ರಮದಲ್ಲೂ ಮಾಡಬೇಡಿ, ಹಲವು ಶಾಲೆಗಳಲ್ಲಿ ಪಟ್ಟಿಯಲ್ಲೇ ಹುಡುಗರು ಹುಡುಗಿಯರು ಬೇರೆ ಬೇರೆ. ಚೀಟಿ ಎತ್ತಿಸಿ.

ಪಠ್ಯಕ್ಕೆ ಗಂಟು ಹಾಕುವುದು

ಭೇಟಿಯ ಮರುದಿನ ಲೆಕ್ಕದ ಮೇಷ್ಟ್ರಿಗೆ ಕೆಲಸ. ಬೇಕರಿಯ ಒಂದು ಬನ್ನಿನ ಅಸಲು ಎಷ್ಟು? ಮೈದಾ, ಸಕ್ಕರೆ, ಈಸ್ಟ್ ಎಂದು ಮಕ್ಕಳು ಬರೆಯುತ್ತಾರೆ. ಗ್ಯಾಸ್, ಕೂಲಿ, ಬಾಡಿಗೆ ಸೇರಿಸುವವರು ಕಡಿಮೆ. ಸಂಜೆ ಮಾರಾಟವಾಗದೆ ಉಳಿದದ್ದನ್ನು ಸೇರಿಸುವವರು ಇನ್ನೂ ಕಡಿಮೆ. ಪ್ರೆಸ್‌ಗೆ ಹೋದ ತಂಡಕ್ಕೆ ಇನ್ನೊಂದು: ಎ4 ಹಾಳೆಯನ್ನು ಅರ್ಧ ಮಾಡಿ 1000 ಕರಪತ್ರ ಬೇಕು, ಒಂದು ರೀಮಿನಲ್ಲಿ 500 ಹಾಳೆ. ಲೆಕ್ಕಕ್ಕೆ ಒಂದೇ ರೀಮ್ ಸಾಕು. ಆದರೂ ಪ್ರೆಸ್‌ನವರು ಹೆಚ್ಚು ಹಾಳೆ ಯಾಕೆ ತೆಗೆದಿಟ್ಟರು? ಯಂತ್ರ ಹೊಂದಿಸುವಾಗ ಹಾಳಾಗುವ ಹಾಳೆಗಳ ಖರ್ಚು ದರದಲ್ಲಿ ಎಲ್ಲಿ ಸೇರಿದೆ? ಶೇಕಡಾವಾರು ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕನ್ನಡದ ತರಗತಿಯಲ್ಲಿ ಧನ್ಯವಾದ ಪತ್ರ ಬರೆಸಿ, ಮಗು ಕಂಡ ಒಂದು ನಿರ್ದಿಷ್ಟ ಸಂಗತಿ ಅದರಲ್ಲಿ ಇರಲೇಬೇಕು. ವಾರದೊಳಗೆ ಹನ್ನೆರಡೂ ಪತ್ರಗಳನ್ನು ತಲುಪಿಸಿ. ಅಂಗಡಿಯ ಗೋಡೆಗೆ ಅಂಟುವುದು ಪ್ರಶಸ್ತಿ ಪತ್ರಕ್ಕಿಂತ ಹೆಚ್ಚಾಗಿ ಇವೇ.

ಕೆಲಸ ನೋಡುವ ದಿನಗಳು

ಆಸಕ್ತಿ ತೋರಿದ ಮಕ್ಕಳನ್ನು ಮಾತ್ರ ಕಳಿಸಿ, ಎಲ್ಲರಿಗೂ ಕಡ್ಡಾಯ ಬೇಡ. ಒಂದು ಜಾಗಕ್ಕೆ ಇಬ್ಬರು, ಸತತ ಮೂರು ದಿನ, ದಿನಕ್ಕೆ ಮೂರು ಗಂಟೆ ಮೀರದಂತೆ, ಹಗಲಲ್ಲೇ. ವೆಲ್ಡಿಂಗ್, ಎರಕ, ರಾಸಾಯನಿಕದ ಜಾಗಗಳು ಈ ಹಂತಕ್ಕೆ ಬೇಡ. ಹೊಣೆಯ ಶಿಕ್ಷಕರು ದಿನವೂ ಹೇಳದೆ ಒಮ್ಮೆ ಹೋಗಿ ನೋಡಬೇಕು. ಮಗು ಟೀ ತರಲು ಹೋಗಿದೆ, ಕಸ ಗುಡಿಸುತ್ತಿದೆ, ಕೌಂಟರಿನಲ್ಲಿ ಒಬ್ಬನೇ ನಿಂತಿದೆ ಎಂದು ಕಂಡರೆ ಅದು ನೋಡುವ ದಿನವಲ್ಲ, ಬಿಟ್ಟಿ ದುಡಿಮೆ. ಅಂದೇ ನಯವಾಗಿ ನಿಲ್ಲಿಸಿ.

ಪ್ರತಿ ಮಗುವಿನ ಕೈಯಲ್ಲಿ ಒಂದು ನೋಟ್‌ಬುಕ್. ದಿನಕ್ಕೆ ಮೂರು ಸಂಗತಿ: ಇವತ್ತು ಬಳಸಿದ ಉಪಕರಣ, ಗಿರಾಕಿ ಕೇಳಿದ ಪ್ರಶ್ನೆ, ತಪ್ಪಾದದ್ದು ಮತ್ತು ಸರಿಮಾಡಿದ ರೀತಿ.

‘ಗ್ಯಾರೇಜು ತೋರಿಸೋಕಾ ಸ್ಕೂಲಿಗೆ ಕಳಿಸಿದ್ದು?’ ಎಂದು ಕೇಳುವ ಪೋಷಕರು ಬಂದೇ ಬರುತ್ತಾರೆ. ವಾದ ಬೇಡ, ದಾರಿಗಳನ್ನು ಬರೆದು ತೋರಿಸಿ. ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಐಟಿಐ ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್. ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ, ಡಿಪ್ಲೊಮಾದಿಂದ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ. ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ದಾರಿ ಗ್ಯಾರೇಜಿನಲ್ಲೇ ನಿಲ್ಲುವುದಿಲ್ಲ ಎಂದು ಕಾಗದದ ಮೇಲೆ ಕಂಡಾಗ ಸ್ವರ ಇಳಿಯುತ್ತದೆ.

ಕಡತ ಒಂದೇ, ಹೆಸರು ಎರಡು

ಇಂಥ ಕೆಲಸ ಮುರಿದುಬೀಳುವುದು ಉತ್ಸಾಹ ತೀರಿ ಅಲ್ಲ, ಹೆಚ್ಚಾಗಿ ವರ್ಗಾವಣೆಯಿಂದ. ಎಲ್ಲ ಫೋನ್ ಸಂಖ್ಯೆ ಒಬ್ಬರೇ ಶಿಕ್ಷಕರ ಮೊಬೈಲಿನಲ್ಲಿದ್ದು, ಅವರು ಬೇರೆ ತಾಲ್ಲೂಕಿಗೆ ಹೋದರೆ ಎರಡು ವರ್ಷದ ಪರಿಚಯ ಅವರ ಜೊತೆಗೇ ಹೋಯಿತು. ಮೊದಲ ದಿನದಿಂದ ಇಬ್ಬರು ಶಿಕ್ಷಕರ ಹೆಸರು ಬರೆಯಿರಿ, ಮುಖ್ಯ ಶಿಕ್ಷಕರ ಕಪಾಟಿನಲ್ಲಿ ಒಂದು ಕಡತ ಇಡಿ: ಸಹಭಾಗಿಯ ವಿಳಾಸ, ಬಿಡುವಿನ ಹೊತ್ತು, ಯಾವ ದಿನ ಏನು ನಡೆಯಿತು, ಮುಂದಿನ ಬಾರಿಗೆ ಏನು ಬದಲಿಸಬೇಕು. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲೂ ಸಹಭಾಗಿಗಳ ಹೆಸರು ದಾಖಲಾಗಲಿ.

ಒಪ್ಪಂದ ಪತ್ರ ಬೇಕೇ ಎಂದು ಕೇಳುತ್ತಾರೆ. ಮೊದಲ ವರ್ಷ ಬೇಡ, ಮೇಲಿನ ಪತ್ರವೇ ಸಾಕು. ಎರಡನೇ ವರ್ಷ ಒಂದು ಪುಟದ್ದು ಮಾಡಿ: ಜೂನ್‌ನಿಂದ ಮಾರ್ಚ್‌ವರೆಗಿನ ಅವಧಿ, ಎರಡೂ ಕಡೆಯ ಹೊಣೆ, ಮಕ್ಕಳು ದುಡಿಯುವುದಿಲ್ಲ ಎಂಬ ಸಾಲು, ಹಣದ ವ್ಯವಹಾರ ಇಲ್ಲ ಎಂಬ ಸಾಲು. ಮಾಲೀಕರು ಇಷ್ಟಪಟ್ಟು ಹಳೆಯ ಎಂಜಿನ್ನನ್ನೋ ಉಪಕರಣವನ್ನೋ ಕೊಟ್ಟರೆ ತಪ್ಪದೆ ದಾಸ್ತಾನು ಪುಸ್ತಕಕ್ಕೆ ಏರಿಸಿ. ಶಾಲೆಯ ಕಾಂಪೌಂಡಿನ ಮೇಲೆ ಅಂಗಡಿಯ ಹೆಸರು ಬರೆಸುವ ಬೇಡಿಕೆ ಬಂದರೆ ಒಪ್ಪಬೇಡಿ. ಸೂಚನಾ ಫಲಕದಲ್ಲಿ ಎಲ್ಲ ಸಹಭಾಗಿಗಳ ಹೆಸರನ್ನು ಒಂದೇ ಅಳತೆಯ ಅಕ್ಷರದಲ್ಲಿ ಹಾಕಿ.

ಫೆಬ್ರವರಿ ಮೊದಲ ವಾರ ಎಲ್ಲ ಸಹಭಾಗಿಗಳನ್ನು ಮುಕ್ಕಾಲು ಗಂಟೆಗೆ ಶಾಲೆಗೆ ಕರೆಯಿರಿ. ಚಹಾ, ನಾಲ್ಕು ಮಕ್ಕಳಿಂದ ತಲಾ ಮೂರು ನಿಮಿಷದ ಮಾತು, ಆಮೇಲೆ ಒಂದೇ ಪ್ರಶ್ನೆ: ಯಾವುದು ನಿಮಗೆ ತೊಂದರೆಯಾಯಿತು? ಉತ್ತರಗಳನ್ನು ಕಡತದಲ್ಲಿ ಬರೆಯಿರಿ. ‘ಮಕ್ಕಳು ಅರ್ಧ ಗಂಟೆ ತಡವಾಗಿ ಬಂದರು’ ಎಂಬುದು ಹೆಚ್ಚಾಗಿ ಕೇಳಿಬರುವ ದೂರು. ಕಾರಣ, ಬಿಸಿಯೂಟದ ನಂತರ ಹಾಜರಿ ತೆಗೆದು ಹೊರಡುವ ಹೊತ್ತಿಗೆ ಆಗುವ ತಡ. ಊಟದ ಬಿಡುವಿಗೆ ಮೊದಲೇ ತಂಡದ ಹಾಜರಿ ಮುಗಿಸಿಕೊಂಡರೆ ಆ ತಡ ತಪ್ಪುತ್ತದೆ.

ಫಲ ಅಳೆಯಲು ಒಂದೇ ಪುಸ್ತಕ ಸಾಕು. ಜೂನ್‌ನಲ್ಲಿ ಪ್ರತಿ ಮಗುವಿನಿಂದ ‘ಮುಂದೆ ಮಾಡಬಹುದಾದ ಐದು ಕೆಲಸ’ ಬರೆಸಿಕೊಳ್ಳಿ. ಡಾಕ್ಟರ್, ಪೊಲೀಸ್, ಟೀಚರ್, ಎಂಜಿನಿಯರ್, ಸೈನಿಕ ಎಂದೇ ಬಹುತೇಕ ಪಟ್ಟಿಗಳು ತುಂಬುತ್ತವೆ. ಫೆಬ್ರವರಿಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪ್ರವೇಶಗಳು ಮುಗಿದ ಮೇಲೆ, ಅಂದರೆ ಜುಲೈ–ಆಗಸ್ಟ್‌ನಲ್ಲಿ, ಅದೇ ಹೆಸರುಗಳ ಮುಂದೆ ಯಾರು ಎಲ್ಲಿಗೆ ಸೇರಿದರು, ಯಾರು ಎಲ್ಲಿಗೂ ಸೇರಲಿಲ್ಲ ಎಂದು ತುಂಬಿ. ಎಲ್ಲಿಗೂ ಸೇರದವರ ಮನೆಗೆ ಫೋನ್ ಮಾಡಿ. ಆ ವೇಳೆಗೂ ಐಟಿಐಗಳಲ್ಲಿ ಖಾಲಿ ಸೀಟು ಉಳಿದಿರುವುದುಂಟು.